ನಾಲ್ಕು ಬೆರಳು ಖಾಲಿ

ನಮ್ಮ ಮರ್ಫಿ ಟೌನಿನ ಮನೆಯ ಮುಂದಿನ ಕೋಣೆಯಲ್ಲಿ ಎರಡು ವರ್ಷ ಒಂದು ಮೀನಿನ ತೊಟ್ಟಿ ಇತ್ತು. ಬಂದವರೆಲ್ಲ ಅದರ ಮುಂದೆ ಬಗ್ಗಿ ನೋಡಿ, “ಮೀನೆಲ್ಲಿ?” ಎಂದು ಕೇಳುತ್ತಿದ್ದರು. ಮೀನು ಇದ್ದವು, ಎರಡು. ಹಗಲೆಲ್ಲ ಪೈಪಿನ ತುಂಡೊಂದರೊಳಗೆ ಅಡಗಿರುತ್ತಿದ್ದವು. ಹಾಗಾಗಿ ಮೀನಿನ ಬದಲು ಮೀನಿನ ಮಿಮಿಕ್ರಿ ತೋರಿಸುವುದು ನನ್ನ ಕೆಲಸವಾಗಿತ್ತು. ಎರಡೂ ಕೈ ಮೈಗೆ ಅಂಟಿಸಿ, ಬೀರುವಿನ ಹಿಂದಿನಿಂದ ಮೂತಿ ಮಾತ್ರ ಹೊರಗೆ ಹಾಕಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ, ಸರಕ್ಕನೆ ಒಳಗೆ. ಜನ ನಗುತ್ತಿದ್ದರು. ನಾನಾಗ ಪಿಯುಸಿಯಲ್ಲಿ ಒಮ್ಮೆ ಡುಮ್ಕಿ ಹೊಡೆದವನು. ನನಗೆ ಪಾಸಾಗುವಷ್ಟು ಬರುತ್ತಿದ್ದ ಸಬ್ಜೆಕ್ಟು ಅದೊಂದೇ.

ಮೀನು ಭಾವನವು. ಅಕ್ಕನ ಗಂಡ, ಧಾರವಾಡದ ಕಡೆಯವರು. ದೊಮ್ಮಲೂರಿನ ಆಫೀಸೊಂದರಲ್ಲಿ ಅಕ್ಕನೂ ಅವರೂ ಒಟ್ಟಿಗೆ ಕೆಲಸ ಮಾಡುತ್ತಿದ್ದರು. ಮದುವೆಯಾದ ಮೇಲೆ ಬೇರೆ ಮನೆ ಸಿಗುವ ತನಕ ಎಂದು ನಮ್ಮ ಮನೆಗೆ ಬಂದವರು ಉಳಿದೇಬಿಟ್ಟರು. ಅತ್ತೆ ಮನೆಯಲ್ಲಿ ಇರಬೇಕಾಗಿ ಬಂದದ್ದಕ್ಕೋ ಏನೋ, ಊಟಕ್ಕೆ ಕರೆದರೆ ಮಾತ್ರ ಕೋಣೆಯಿಂದ ಹೊರಗೆ ಬರುತ್ತಿದ್ದರು. ಶಿವಾಜಿನಗರದ ಅಂಗಡಿಯಲ್ಲಿ ಒಂದು ಸಂಜೆ ಈ ಮೀನುಗಳನ್ನು ಕಂಡು, ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದುಕೊಂಡು ಬಂದರು. ‘ರೋಪ್ ಫಿಶ್’ ಅಂತೆ. ಬೆರಳು ದಪ್ಪ, ಮೊಳದುದ್ದ, ಹಾವಿನ ಹಾಗೆ ಮೈ, ನಾಯಿಮರಿಯ ಹಾಗೆ ಮುಖ. ಅವು ಕತ್ತಲಾದ ಮೇಲೆ ಹೊರಬರುವ ಜೀವಗಳು. ಊಟ ಮುಗಿದು ನಾವು ಲೈಟು ಆರಿಸಿದ ಮೇಲೆ ಭಾವ ಟಾರ್ಚಿಗೆ ಕೆಂಪು ಗಾಜುಕಾಗದ ಕಟ್ಟಿಕೊಂಡು ತೊಟ್ಟಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದರು. ಹೂಕುಂಡ ಕೆದಕಿ ತಂದ ಎರೆಹುಳುವನ್ನು ತುಂಡು ಮಾಡಿ ನೀರಿಗೆ ಬಿಟ್ಟು, ಅವು ವಾಸನೆ ಹಿಡಿದು ನಿಧಾನಕ್ಕೆ ಬರುವುದನ್ನು ಕಾಯುತ್ತಿದ್ದರು.

“ಭಾವ, ಮೂರನೇ ಮೀನು ನೀವೇನಾ?” ಎಂದು ನಾನು ಕೇಳಿದರೆ, “ಹೂನಪಾ, ನಾನೂ ಅವ್ರ ಪೈಕಿನ” ಎಂದು ನಗುತ್ತಿದ್ದರು. ಕೆಣಕಿದರೆ ಸಿಟ್ಟಾಗದ ಮನುಷ್ಯನನ್ನು ಕೆಣಕುವುದರಲ್ಲಿ ಮಜಾ ಇಲ್ಲ. ಆದರೂ ನಾನು ಬಿಡುತ್ತಿರಲಿಲ್ಲ.

ಒಮ್ಮೆ ಅವುಗಳಲ್ಲೊಂದು ಮುಚ್ಚಳದ ಸಂದಿಯಿಂದ ನುಸುಳಿ ತಪ್ಪಿಸಿಕೊಂಡಿತು. ಬೆಳಿಗ್ಗೆ ಅಮ್ಮ ಅಡುಗೆಮನೆಯಲ್ಲಿ ಸಿಲಿಂಡರಿನ ಹಿಂದೆ ಗುಡಿಸಲು ಹೋಗಿ ಕೂಗಿದ ಕೂಗಿಗೆ ಪಕ್ಕದ ಮನೆಯ ತಮಿಳಮ್ಮ “ಪಾಂಬು! ಪಾಂಬು!” ಎನ್ನುತ್ತ ಹಾವು ಹೊಡೆಯಲು ಪೊರಕೆ ಹಿಡಿದು ಬಂದರು. ಭಾವ ಕೈ ಒದ್ದೆ ಮಾಡಿಕೊಂಡು, ಧೂಳು ಮೆತ್ತಿಕೊಂಡಿದ್ದ ಆ ಜೀವವನ್ನು ಎತ್ತಿ ನೀರಿಗೆ ಬಿಟ್ಟರು. ಬದುಕಿತು! “ಗಾಳಿ ಕುಡೀತಾವ್ರಿ ಇವು,” ಎಂದು ಅಮ್ಮನಿಗೆ ವಿವರಿಸಲು ಹೋದರು. ಅಮ್ಮ ಕೇಳುವ ಸ್ಥಿತಿಯಲ್ಲಿರಲಿಲ್ಲ. ಅವತ್ತಿನಿಂದ ಮುಚ್ಚಳದ ಮೇಲೆ ಎರಡು ಇಟ್ಟಿಗೆ, ಮೋಟರಿನ ವೈರು ಹೋಗುವ ತೂತಿಗೆ ಸ್ಪಂಜು.

ಆ ಬೇಸಿಗೆಯಲ್ಲಿ ಭಾವನ ತಾಯಿಗೆ ಕಣ್ಣಿನ ಆಪರೇಷನ್ ಆಯಿತು. ಅಕ್ಕ-ಭಾವ ಐದು ದಿನಕ್ಕೆಂದು ಊರಿಗೆ ಹೊರಟರು. ಅಕ್ಕ ಒಳಗೆ ಬ್ಯಾಗು ತುಂಬುತ್ತಿದ್ದಾಗ ಭಾವ ನನ್ನನ್ನು ತೊಟ್ಟಿಯ ಬಳಿಗೆ ಕರೆದರು.

“ತಮ್ಮಾ, ದಿನಾ ಒಂದ ಹುಳ ಹಾಕಿದ್ರ ಸಾಕು. ನೀರು ಕಡಿಮಿ ಆದ್ರ ಹಾಕು, ಆದ್ರ ಪೂರಾ ತುಂಬಬ್ಯಾಡ. ಮ್ಯಾಲೆ ನಾಕ್ ಬೆರಳು ಖಾಲಿ ಇರಬೇಕ ನೋಡು.” ಗಾಜಿಗೆ ನಾಲ್ಕು ಬೆರಳು ಅಡ್ಡ ಇಟ್ಟು ತೋರಿಸಿದರು. “ಅವು ಮ್ಯಾಲೆ ಬಂದು ಉಸಿರು ತಗೋತಾವ. ನಮ್ಮಂಗ.”

ಅವರು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ನನ್ನ ಕಿವಿ ನೆಟ್ಟಗಾಯಿತು. ಆ ‘ಬ್ಯಾಡ’ದ ಎಳೆತ, ‘ಮ್ಯಾಲೆ’ ಅನ್ನುವಾಗ ಹುಬ್ಬು ಮೇಲೆ ಹೋಗುವ ರೀತಿ, ಕೊನೆಗೆ ಮೆತ್ತಗೆ ಇಳಿಯುವ ‘ನಮ್ಮಂಗ’. “ಹೂಂ ಭಾವ, ಹೂಂ ಭಾವ” ಎನ್ನುತ್ತ ನಾನು ಅವರ ಗಂಟಲನ್ನು ಕದಿಯುತ್ತಿದ್ದೆ.

ಮರುದಿನ ಬೆಳಿಗ್ಗೆ ಟೀ ಅಂಗಡಿಯ ಮುಂದೆ ಗೆಳೆಯರಿಗೆ ಶೋ ಕೊಟ್ಟೆ. ಗಾಜಿನ ಬದಲು ಒಬ್ಬನ ಬೈಕಿನ ಟ್ಯಾಂಕಿಗೆ ನಾಲ್ಕು ಬೆರಳು ಇಟ್ಟು, “ಪೂರಾ ತುಂಬಬ್ಯಾಡ ತಮ್ಮಾ...”

“ಲೇ ಮಗಾ, ಸೇಮ್ ಟು ಸೇಮ್ ಕಣೋ! ಆ ‘ನಮ್ಮಂಗ’ ಇನ್ನೊಂದ್ಸಲ ಹೇಳೋ,” ಎಂದ ಬೈಕಿನವನು ಟೀ ಚೆಲ್ಲಿಕೊಂಡು.

ಹೇಳಿದೆ. ಮೂರು ಸಲ ಹೇಳಿದೆ.

ಮನೆಗೆ ಬಂದರೆ ಅಮ್ಮ ಯುದ್ಧಕ್ಕೆ ನಿಂತಿದ್ದಳು. ಪೈಪು ರಿಪೇರಿಯಂತೆ, ಇವತ್ತು ನೀರು ಬಂದರೆ ಇನ್ನು ನಾಲ್ಕು ದಿನ ಇಲ್ಲ. ಇಂಥ ದಿನ ನಮ್ಮ ಬೀದಿಯಲ್ಲಿ ಬಾಯಿ ಇರುವ ಯಾವ ಪಾತ್ರೆಯೂ ಖಾಲಿ ಉಳಿಯುವುದಿಲ್ಲ. ಬಿಂದಿಗೆ, ಬಕೆಟ್ಟು, ಕುಕ್ಕರು, ಇಡ್ಲಿ ಪಾತ್ರೆ, ಎಲ್ಲಕ್ಕೂ ಕಂಠಮಟ್ಟ. ಹಿತ್ತಲ ಡ್ರಮ್ಮಿನಲ್ಲಿ ಹಳೆ ನೀರು ಇನ್ನೂ ಇತ್ತು.

“ಆ ಹಳೇ ನೀರು ಎಲ್ಲಾದ್ರೂ ಸುರಿಯೋ, ಡ್ರಮ್ ಖಾಲಿ ಆಗ್ಬೇಕು. ಚೆಲ್ಬೇಡ ಮತ್ತೆ!” ಎಂದು ಕೂಗಿದಳು ಅಮ್ಮ.

ಚೆಲ್ಲದೆ ಎಲ್ಲಿ ಸುರಿಯಲಿ? ಮುಂದಿನ ಕೋಣೆಯಲ್ಲಿ ಗಾಜಿನ ತೊಟ್ಟಿ ಕಾಣಿಸಿತು. ನಲ್ಲಿ ನೀರನ್ನು ಹಳೆಯದು ಮಾಡಿಯೇ ಮೀನಿಗೆ ಹಾಕಬೇಕು ಎಂದು ಭಾವ ಹಿಂದೊಮ್ಮೆ ಹೇಳಿದ್ದು ನೆನಪಿತ್ತು. ಇದು ಹಳೆಯ ನೀರೇ. ನನ್ನ ಬುದ್ಧಿವಂತಿಕೆಗೆ ನಾನೇ ಮೆಚ್ಚಿ ಮೂರು ಬಕೆಟ್ಟು ಸುರಿದೆ. ನೀರು ಅಂಚಿಗೆ ಬಂದು, ಮುಚ್ಚಳ ಇಟ್ಟಾಗ ಒಂದಿಷ್ಟು ಹೊರಗೂ ಚಿಮ್ಮಿತು. ಇಟ್ಟಿಗೆ ಇಟ್ಟೆ. ಸ್ಪಂಜು ಒತ್ತಿದೆ.

ಬೆಳಗಿನಿಂದ ಮೂರು ಸಲ ನನ್ನ ಬಾಯಿಂದಲೇ ಬಂದಿದ್ದ ಮಾತು ಆ ಹೊತ್ತಿಗೆ ನೆನಪಾಗಲಿಲ್ಲ. ಅದು ನನಗೆ ಮಾತಾಗಿರಲೇ ಇಲ್ಲ, ಐಟಮ್ ಆಗಿತ್ತು.

ಹಗಲಲ್ಲಿ ಮೀನು ಕಾಣದಿರುವುದು ನಮ್ಮ ಮನೆಯಲ್ಲಿ ಸುದ್ದಿಯಲ್ಲ. ಹುಳು ಹಾಕಲು ನೆನಪಾದದ್ದೇ ಮರುದಿನ ಸಂಜೆ. ಇಟ್ಟಿಗೆ ಎತ್ತಿದಾಗ ಕಂಡೆ. ಒಂದು ಪೈಪಿನ ಪಕ್ಕದಲ್ಲಿ ಬಿಳಿ ಹೊಟ್ಟೆ ಮೇಲಾಗಿ ಬಿದ್ದಿತ್ತು. ಇನ್ನೊಂದು ಮೇಲೆ, ವೈರಿನ ತೂತಿನ ಬಳಿ, ಸ್ಪಂಜಿನೊಳಗೆ ಮೂತಿ ತೂರಿಸಿಕೊಂಡೇ ಸತ್ತಿತ್ತು.

“ಮೀನೂ ನೀರಲ್ಲಿ ಮುಳುಗಿ ಸಾಯುತ್ತೇನೋ?” ಎಂದಳು ಅಮ್ಮ. ಅವಳು ಕೇಳಿದ್ದು ನಿಜವಾಗಿಯೂ ತಿಳಿಯದೆ.

ಊರಿನಿಂದ ಬಂದ ಭಾವ ಚಪ್ಪಲಿ ಬಿಡುವ ಮೊದಲೇ ತೊಟ್ಟಿ ನೋಡಿದರು. ಸತ್ತ ಮೀನುಗಳನ್ನು ನಾವು ತೆಗೆದಾಗಿತ್ತು, ನೀರು ಇನ್ನೂ ಅಂಚಿನವರೆಗೆ ಇತ್ತು.

“ತುಂಬಿಸಿದ್ದೇನು ತಮ್ಮಾ?”

“ಹೂಂ ಭಾವ. ತುಂಬಿಸ್ಬಾರ್ದು ಅಂತ ನೀವು ಹೇಳಿರ್ಲಿಲ್ಲ ಅಲ್ವಾ?”

ಬಾಯಿಗೆ ಅಷ್ಟು ಸಲೀಸಾಗಿ ಬಂತು. ಭಾವ ನನ್ನನ್ನು ದಿಟ್ಟಿಸಲಿಲ್ಲ, ಜೋರು ಮಾಡಲಿಲ್ಲ. ಹಣೆ ಉಜ್ಜಿಕೊಂಡರು. “ಹೇಳಿರಲಿಲ್ಲೇನು... ಹೇಳೀನಿ ಅಂತ ಅನ್ಕೊಂಡಿದ್ದೆ. ಹೊರಡೂ ಗಡಿಬಿಡಿ ಒಳಗ ಮರ್ತಿರಬೇಕು.”

ಅಕ್ಕ, “ನೀವು ಎಲ್ಲಾನೂ ಮನಸ್ಸಲ್ಲೇ ಹೇಳ್ಕೊಂಡ್ರೆ ಬೇರೆಯವ್ರಿಗೆ ಹೇಗ್ರೀ ಗೊತ್ತಾಗುತ್ತೆ?” ಎಂದಳು. ಅಲ್ಲಿಗೆ ವಿಚಾರಣೆ ಮುಗಿಯಿತು. ತಪ್ಪಿತಸ್ಥ ಭಾವನೇ.

ನಾನು ಅಂದುಕೊಂಡಿದ್ದು ಎರಡು ದಿನದ ಬೇಸರ ಎಂದು. ಆದರೆ ಅವರು ತಮ್ಮ ನೆನಪನ್ನೇ ನಂಬದಾದರು. ಹಾಲಿನವನಿಗೆ, ಆಫೀಸಿಗೆ, ಮನೆ ಹುಡುಕಿಕೊಡುವ ಬ್ರೋಕರಿಗೆ ಹೇಳಬೇಕಾದ್ದನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು ಜೇಬಿನಲ್ಲಿ ಇಟ್ಟುಕೊಳ್ಳತೊಡಗಿದರು. ಬಾಗಿಲವರೆಗೆ ಹೋದವರು ತಿರುಗಿ ಬಂದು ಅಕ್ಕನನ್ನು “ನಾ ಹೇಳಿದ್ನೇನು?” ಎಂದು ಕೇಳುತ್ತಿದ್ದರು. ಮನೆಯಲ್ಲಿ ಅದೊಂದು ತಮಾಷೆಯಾಯಿತು. ಆ ‘ಹೇಳಿದ್ನೇನು’ವನ್ನೂ ನಾನು ಕಲಿತು ಮಾಡಿ ತೋರಿಸಿದೆ. ಎಲ್ಲರೂ ನಕ್ಕರು, ಭಾವ ಕೂಡ.

ಆ ವರ್ಷವೇ ಅವರು ಕೆ.ಆರ್. ಪುರಕ್ಕೆ ಮನೆ ಬದಲಿಸಿದರು. ಏಳು ವರ್ಷದ ಮೇಲೆ ಒಂದು ಭಾನುವಾರ ಅಲ್ಲಿಗೆ ಹೋಗಿದ್ದೆ. ನಾನಾಗ ಕಂಪನಿಗಳ ವಾರ್ಷಿಕೋತ್ಸವಗಳಲ್ಲಿ ಮೈಕು ಹಿಡಿದು ಕಂಡವರನ್ನೆಲ್ಲ ಅಣಕಿಸಿ ಹೊಟ್ಟೆ ಹೊರೆಯುತ್ತಿದ್ದೆ. ಅಕ್ಕನ ಮಗಳು ಅಪ್ಪನ ತೊಡೆ ಹತ್ತಿ ಫಿಶ್ ಟ್ಯಾಂಕ್ ಬೇಕೆಂದು ಹಟ ಹಿಡಿದಿದ್ದಳು.

“ಬ್ಯಾಡವಾ,” ಎಂದರು ಭಾವ. “ನಿನ್ನ ಅಪ್ಪನ ಕೈಯಾಗ ಮೀನ ಉಳಿಯಂಗಿಲ್ಲ. ಹೇಳಬೇಕಾದ್ದು ಮರ್ತು ಎರಡ ಮೀನ ಕೊಂದಾಂವ ನಾನು.”

ನನ್ನ ಕೈಯಲ್ಲಿ ಟೀ ಲೋಟ ಇತ್ತು. ಕೆಳಗಿಟ್ಟೆ.

“ನೀವು ಹೇಳಿದ್ರಿ ಭಾವ. ಗಾಜಿನ ಮೇಲೆ ಬೆರಳಿಟ್ಟು ತೋರ್ಸಿದ್ರಿ. ನಾನು ಸುಳ್ಳು ಹೇಳ್ದೆ.”

ಅವರು ಮಗಳನ್ನು ತೊಡೆಯಿಂದ ಇಳಿಸಿದರು. “ಖರೇನ?”

“ಖರೇನೇ ಭಾವ.” ಅಣಕಿಸಲೆಂದು ಹೇಳಿದ್ದಲ್ಲ, ಆ ಪದವೇ ಬಾಯಿಗೆ ಬಂತು. ಆದರೆ ಅವರು ಮುಖ ತಿರುಗಿಸಿಕೊಂಡರು. ನನ್ನ ಬಾಯಿಂದ ತಮ್ಮ ಭಾಷೆ ಬಂದಾಗಲೆಲ್ಲ ಅದೇನಾಗಿತ್ತು ಎಂದು ಅವರಿಗೆ ಗೊತ್ತಿತ್ತು.

ಆ ಕಡೆಯೇ ನೋಡುತ್ತ ಕೇಳಿದರು: “ಇಷ್ಟ ಹೇಳಾಕ ಏಳು ವರ್ಷ ಬೇಕಾತೇನು ತಮ್ಮಾ?”

ಅಕ್ಕ ಅಡುಗೆಮನೆಯಿಂದ “ಏನ್ರೀ ಅದು?” ಎಂದಳು. ಭಾವ “ಏನಿಲ್ಲ” ಎಂದು ಹೇಳಿ, ಮಗಳಿಗೆ ಚಪ್ಪಲಿ ಹಾಕಿಸಿ, ಕೈ ಹಿಡಿದುಕೊಂಡು ಹೊರಗೆ ಹೋದರು. ನಾನು ಬಸ್ಸು ಹತ್ತುವವರೆಗೂ ವಾಪಸು ಬರಲಿಲ್ಲ.

ಮಾತು ಬಿಟ್ಟಿಲ್ಲ ಅವರು. ಹಬ್ಬಕ್ಕೆ ಕರೆಯುತ್ತಾರೆ, ಹೋಗುತ್ತೇನೆ, ಬಡಿಸುತ್ತಾರೆ. ಆದರೆ ನನಗೆ ಏನಾದರೂ ಹೇಳುವುದಿದ್ದರೆ ಈಗ ಅಕ್ಕನನ್ನೂ ಪಕ್ಕಕ್ಕೆ ಕರೆದು, ಅವಳ ಎದುರಿನಲ್ಲೇ ಹೇಳುತ್ತಾರೆ.