ಶನಿಯ ದೃಷ್ಟಿ

"ಸಾರ್, ನೀವು ನೋಡಿದ್ದೀರಾ?"

ಕೇಳಿದವಳು ಏಳನೇ ಕ್ಲಾಸಿನ ಪಾಪಾತಿ. ನಾನಾಗ ಬೋರ್ಡಿನ ಮೇಲೆ ಶನಿಗ್ರಹ ಬರೆದು, ಅದರ ಸುತ್ತ ಬಳೆ ಎಳೆದು, ಕೈಗೆ ಮೆತ್ತಿದ ಸೀಮೆಸುಣ್ಣ ಒರೆಸಿಕೊಳ್ಳುತ್ತಿದ್ದೆ. ಹದಿನೆಂಟು ವರ್ಷದಿಂದ ಇದೇ ಶನಿ, ಇದೇ ಬಳೆ. ಸಿದ್ದಾಪುರದ ಅರ್ಧ ಊರು ನನ್ನ ಕೈಯಲ್ಲೇ ಈ ಪಾಠ ಕಲಿತಿದೆ. ಇಷ್ಟು ವರ್ಷ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ.

ನೋಡಿಲ್ಲ ಎಂದೆ. (ಸುಳ್ಳು ಹೇಳಬಹುದಿತ್ತು. ಮೇಷ್ಟ್ರ ಸುಳ್ಳನ್ನು ಯಾರು ಪರೀಕ್ಷೆ ಮಾಡುತ್ತಾರೆ?)

"ಮತ್ತೆ ಬಳೆ ಇದೆ ಅಂತ ಹೆಂಗೆ ಹೇಳ್ತೀರಿ ಸಾರ್?"

ಪುಸ್ತಕದಲ್ಲಿದೆ, ದೊಡ್ಡ ದೊಡ್ಡವರು ನೋಡಿದ್ದಾರೆ, ನೋಡಬೇಕಾದರೆ ದೂರದರ್ಶಕ ಬೇಕು ಎಂದೆ. ಕ್ಲಾಸಿಗೆ ದೂರದರ್ಶಕ ಎಂದರೇನೆಂದು ತಿಳಿಯಲಿಲ್ಲ. "ದುರ್ಬೀನು ಕಣ್ರೋ, ಆ ಗುಡ್ಡದ ಮೇಲೆ ದೊರೆ ಬಂಗ್ಲೆಯಲ್ಲಿ ಇದೆಯಲ್ಲ, ಅದು" ಎಂದು ಬಿಡಿಸಿ ಹೇಳಿದೆ.

ಪಾಪಾತಿ ತಲೆ ಅಲ್ಲಾಡಿಸಿದಳು. "ಅದ್ರಲ್ಲಿ ಆಕಾಶ ಕಾಣಲ್ಲ ಸಾರ್. ಅದು ಕೂಲಿಯವ್ರನ್ನ ನೋಡೋ ಮೆಷಿನ್ನು."

ಕ್ಲಾಸು ಗೊಳ್ಳೆಂದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಅವಳು ಆ ದೊರೆಯ ಎಸ್ಟೇಟಿನ ಲೈನುಮನೆಯ, ಅಂದರೆ ಕೂಲಿಯವರ ಸಾಲುಮನೆಯ, ಹುಡುಗಿ. ಅವಳ ತಾಯಿ ಅಲ್ಲೇ ಕಾಫಿ ಕೊಯ್ಯುವವಳು. ಆದರೂ ಅವಳಿಗಿಂತ ನನಗೇ ಹೆಚ್ಚು ಗೊತ್ತು ಎಂದುಕೊಂಡು ನಕ್ಕೆ. ಮೇಷ್ಟ್ರುಗಳ ರೋಗ ಇದು, ನಿವೃತ್ತಿಯಾಗುವವರೆಗೆ ವಾಸಿಯಾಗುವುದಿಲ್ಲ.

ಅದೇ ಸಂಜೆ ಪೋಸ್ಟ್ ಆಫೀಸಿನ ಗೋಡೆಯ ಮೇಲೆ ಒಂದು ಲಿಸ್ಟು ಕಂಡೆ. ಬಿಳಿ ದೊರೆ ಎಸ್ಟೇಟು ಮಾರಿ ತನ್ನ ಸೀಮೆಗೆ ವಾಪಸು ಹೋಗುತ್ತಿದ್ದಾನೆ. ಬಂಗ್ಲೆಯ ಸಾಮಾನೆಲ್ಲ ಬಿಡಿಬಿಡಿಯಾಗಿ ಮಾರಾಟಕ್ಕಿದೆ. ಬೆತ್ತದ ಕುರ್ಚಿ, ಗ್ರಾಮಾಫೋನು, ಎರಡು ನಾಯಿ (ಅವುಗಳ ಹೆಸರು ಸಮೇತ). ಎಲ್ಲಕ್ಕಿಂತ ಕೆಳಗೆ: ಟೆಲಿಸ್ಕೋಪ್ ಒಂದು, ಸಣ್ಣದು, ಹೊಸದಾಗಿ ಕಲಿಯುವವರಿಗೆ ತಕ್ಕದ್ದು, ಬಳಸಿದ್ದು. ಬೆಲೆಯೂ ನನ್ನಂಥವನ ಕೈಗೆ ಎಟುಕುವಂತಿತ್ತು.

ಕೊಡಗು ಮೈಸೂರಿಗೆ ಸೇರಬೇಕೋ, ಹೀಗೇ ಸಣ್ಣ ರಾಜ್ಯವಾಗಿ ಉಳಿಯಬೇಕೋ ಎಂದು ಸಂತೆಯಲ್ಲಿ, ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ ಜನ ಗಂಟಲು ಹರಿದುಕೊಳ್ಳುತ್ತಿರುವ ಕಾಲ ಇದು. ನನ್ನ ಮನೆಯಲ್ಲಿ ಆ ವಾರ ನಡೆದದ್ದು ಬರೀ ದುರ್ಬೀನಿನ ಚರ್ಚೆ. ಕೊಳ್ಳುವುದೋ ಬೇಡವೋ?

ಡ್ರಾಯಿಂಗ್ ಮಾಸ್ತರರು ಹೆದರಿಸಿದರು. ಕೊಡಗಿನ ಮಳೆಗೆ ಚಪ್ಪಲಿಗೆ ಹಿಡಿದ ಹಾಗೆ ಗಾಜಿಗೂ ಬೂಷ್ಟು ಹಿಡಿಯುತ್ತದಂತೆ. ಹಿಡಿದರೆ ಮುಗಿಯಿತು, ಶನಿಯಲ್ಲ, ಎದುರು ಮನೆಯ ದೀಪವೂ ಕಾಣುವುದಿಲ್ಲವಂತೆ. ನನ್ನ ಹೆಂಡತಿಯ ತಕರಾರು ಬೇರೆ ಥರದ್ದು. ಒಲೆಯ ಮುಂದಿನಿಂದ ಏಳದೆಯೇ ಅರೆಭಾಷೆಯಲ್ಲಿ ಹೇಳಿದಳು: "ಶನಿನ ನೋಡಿಕೆ ಎಂತಕೆ ಹೋದು ನೀವು? ಅದ್ ನಮ್ಮ ನೋಡದೆ ಇದ್ದರೆ ಸಾಕ್."

ಅದಕ್ಕೂ ನಕ್ಕೆ. ಆ ವಾರ ನನಗೆ ನಗು ಬಹಳ ಸುಲಭವಾಗಿ ಬರುತ್ತಿತ್ತು.

ನಗದೇ ಇದ್ದದ್ದು ಒಂದೇ ವಿಷಯಕ್ಕೆ. ನನಗೆ ಶನಿಯನ್ನು ನೋಡಬೇಕಿತ್ತು. ಒಂದು ಸಲ. ಕಾಣದ್ದನ್ನು ಕಂಡವನ ಹಾಗೆ ಹದಿನೆಂಟು ವರ್ಷ ಹೇಳಿಕೊಂಡು ಬಂದ ಬಾಯಿಗೆ ಒಂದು ಸಲವಾದರೂ "ಹೌದು, ನೋಡಿದ್ದೇನೆ" ಎನ್ನುವ ಯೋಗ್ಯತೆ ಬೇಕಿತ್ತು. ಆ ಹುಡುಗಿಯ ಕಣ್ಣನ್ನೂ ಆ ಗಾಜಿಗೆ ಹಚ್ಚಿಸಬೇಕಿತ್ತು. ಇದು ಅತಿಯಾಸೆಯೇ? ನೀವೇ ಹೇಳಿ.

ಶನಿವಾರ ಮಧ್ಯಾಹ್ನ ಸ್ಕೂಲು ಬಿಟ್ಟ ಮೇಲೆ ಬಂಗ್ಲೆಗೆ ಹತ್ತಿದೆ. ವರಾಂಡದಲ್ಲಿ ಎಸ್ಟೇಟಿನ ರೈಟರ್ ನಂಜಪ್ಪ ಇದ್ದ. (ರೈಟರ್ ಎಂದರೆ ನನ್ನ ಹಾಗೆ ಪೇಪರಿಗೆ ಬರೆಯುವವನಲ್ಲ. ಕೂಲಿಯವರ ಹಾಜರಿ ಬರೆಯುವವನು. ಅವನ ಬರಹಕ್ಕೆ ನನ್ನದಕ್ಕಿಂತ ಬೆಲೆ ಹೆಚ್ಚು.)

"ಮೆಲ್ಲ ಮಾತಾಡಿ ಮೇಷ್ಟ್ರೇ, ದೊರೆ ಮಲಗಿದ್ದಾರೆ. ಎರಡರಿಂದ ನಾಲ್ಕು ನಿದ್ದೆ. ಸಿಡಿಲು ಬಡಿದ್ರೂ ಏಳಲ್ಲ" ಎಂದ.

ದುರ್ಬೀನು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಎದುರು ಗುಡ್ಡಕ್ಕೆ ಮುಖ ಮಾಡಿ ನಿಂತಿತ್ತು. ಗಾಜು ಉಜ್ಜಿ ನೋಡಿದೆ. ಬೂಷ್ಟಿಲ್ಲ. ಪಕ್ಕಕ್ಕೆ ತಿರುಗಿಸಿದೆ. ಬೆಣ್ಣೆಯಂತೆ ತಿರುಗಿತು. ಆಕಾಶದ ಕಡೆಗೆ ಎತ್ತಲು ಹೋದೆ. ಏಳಲಿಲ್ಲ. ಎತ್ತುವ ಸ್ಕ್ರೂ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಎರಡೂ ಕೈ ಹಾಕಿದರೂ ಜಗ್ಗಲಿಲ್ಲ.

"ಇದನ್ನ ಮೇಲಕ್ಕೆ ಎತ್ತಿದ್ದೇ ಇಲ್ವಾ ನಂಜಪ್ಪ?"

"ಮೇಲಕ್ಕೆ ಎಂಥದಕ್ಕೆ ಸಾರ್?"

ನನಗೆ ಆಗಲೇ ಅರ್ಥವಾಗಬೇಕಿತ್ತು. ಆಗಲಿಲ್ಲ. ಇರಲಿ, ಹೇಗೆ ಕಾಣುತ್ತದೆ ನೋಡೋಣ ಎಂದು ಇದ್ದ ಹಾಗೆಯೇ ಕಣ್ಣಿಟ್ಟೆ.

ಎದುರಿನ ಗುಡ್ಡದಲ್ಲಿ ಹೊಸ ತೋಟ. ನೆರಳಿನ ಮರಗಳು ಇನ್ನೂ ಎದ್ದಿಲ್ಲ, ಹಾಗಾಗಿ ಎಲ್ಲ ಬಯಲಾಗಿ ಕಾಣುತ್ತದೆ. ಪಿಕಿಂಗ್ ಕಾಲ, ಕಾಫಿ ಹಣ್ಣು ಕೊಯ್ಯುವ ದಿನಗಳು. ಏಳೆಂಟು ಹೆಂಗಸರು ಗಿಡಗಳ ಬುಡದಲ್ಲಿ ಕಾಲು ಚಾಚಿ ಕೂತಿದ್ದರು. ಎಷ್ಟು ಹತ್ತಿರ ಕಂಡರೆಂದರೆ, ಒಬ್ಬಳು ಹಿಮ್ಮಡಿಯ ಬಿರುಕನ್ನು ಬೆರಳಿನಿಂದ ಒತ್ತಿಕೊಳ್ಳುತ್ತಿದ್ದುದೂ ಕಂಡಿತು. ಇನ್ನೊಬ್ಬಳು ಅವಳ ಬೆನ್ನಿಗೆ ಒರಗಿ ಕಣ್ಣು ಮುಚ್ಚಿದ್ದಳು. ಏನು ಗಾಜಪ್ಪಾ ಎಂದು ಖುಷಿಪಟ್ಟೆ.

ಹಿಮ್ಮಡಿಯವಳು ತಲೆ ಎತ್ತಿದಳು. ನೇರ ನನ್ನ ಕಣ್ಣನ್ನೇ ನೋಡಿದಳು. ಅವಳ ಬಾಯಿ ಏನೋ ಕೂಗಿತು. ಒಂದೇ ಗಳಿಗೆ. ಮಲಗಿದ್ದವಳು ಎದ್ದಳು, ಕೂತಿದ್ದವರೆಲ್ಲ ಎದ್ದರು, ಎಲ್ಲರ ಕೈಯೂ ಗಿಡದ ಮೇಲೆ ಓಡತೊಡಗಿತು. ಒಬ್ಬರೂ ಮತ್ತೆ ಈ ಕಡೆ ತಿರುಗಲಿಲ್ಲ.

"ಏನಾಯ್ತು ನಂಜಪ್ಪ ಅವರಿಗೆ?"

"ಕಣ್ಣು ಹೊಡೀತಲ್ಲ ಸಾರ್" ಎಂದ ಅವನು, ಇದೂ ಗೊತ್ತಿಲ್ಲವೇ ಎಂಬಂತೆ. "ಬಿಸಿಲಿಗೆ ಗಾಜು ಮಿಂಚ್ತದೆ. ಬಂಗ್ಲೆ ಕಣ್ಣು ಬಿಡ್ತು ಅಂತ ಕೂಗಿ ಹೇಳ್ಕೊಳ್ತಾರೆ. ಯಾರು ಕೂತಿದ್ರು ಅಂತ ದೊರೆ ಇಲ್ಲಿಂದ ಹೇಳೋದು, ನಾನು ಅರ್ಧ ಹಾಜರಿ ಹಾಕಿ ಅರ್ಧ ಕೂಲಿ ಹಿಡಿಯೋದು. ಹಿಂಗೇ ನಡ್ಕೊಂಡು ಬಂದಿದೆ."

ನಾನು ಗಾಜಿನಿಂದ ಹಿಂದೆ ಸರಿದೆ. ಪಾಪಾತಿ ಕ್ಲಾಸಿನಲ್ಲಿ ಹೇಳಿದ್ದು ಅಕ್ಷರಶಃ ನಿಜ. ಮೂವತ್ತು ಮಕ್ಕಳ ಜೊತೆ ಸೇರಿ ಅವಳನ್ನು ನೋಡಿ ನಕ್ಕವನು ನಾನು.

ಆಗ ನಾನು ಮಾಡಬೇಕಾದದ್ದು ಒಂದೇ ಇತ್ತು. ಬೆಲೆ ಕೊಟ್ಟು, ಆ ವಸ್ತುವನ್ನು ಕಂಕುಳಲ್ಲಿ ಇಟ್ಟುಕೊಂಡು ಗುಡ್ಡ ಇಳಿಯಬೇಕಿತ್ತು. ವರಾಂಡ ಖಾಲಿಯಾಗುತ್ತಿತ್ತು. ತುಕ್ಕು ಬಿಡಿಸಿದರೆ ಶನಿಯೂ ಸಿಗುತ್ತಿತ್ತು.

ನಾನು ಏನು ಮಾಡಿದೆ ಗೊತ್ತೇ? "ಸೋಮವಾರ ಹೇಳ್ತೇನೆ ನಂಜಪ್ಪ" ಎಂದು ಬರಿಗೈಯಲ್ಲಿ ಬಂದೆ. ಇಂಥ ಪಾಪದ ಗಾಜಿನಲ್ಲಿ ನಾನು ಗ್ರಹ ನೋಡುವುದೇ? ಥೂ! ದಾರಿಯುದ್ದಕ್ಕೂ ನನ್ನ ಮರ್ಯಾದಸ್ಥಿಕೆಯನ್ನು ನಾನೇ ಮೆಚ್ಚಿಕೊಳ್ಳುತ್ತಾ ಇಳಿದೆ. ಭಾನುವಾರ ಕೂತು ಇದೇ ಅಂಕಣಕ್ಕೆಂದು ಅರ್ಧ ಪುಟ ಸೊಗಸಾಗಿ ಬರೆದೆ ಕೂಡ. (ಹರಿದು ಹಾಕಿದ್ದೇನೆ. ಓದಿದ್ದರೆ ನೀವು ನನ್ನನ್ನು ದೊಡ್ಡ ಮನುಷ್ಯ ಎಂದುಕೊಳ್ಳುತ್ತಿದ್ದಿರಿ.)

ಸೋಮವಾರ ಬುದ್ಧಿ ಬಂತು. ಹೇಳಿ ಕಳಿಸುವಷ್ಟರಲ್ಲಿ ನಂಜಪ್ಪನೇ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ. ತಗೊಳ್ತೇನೆ ಮಾರಾಯ ಎಂದೆ.

"ಅಯ್ಯೋ, ಅದು ಹೋಯ್ತಲ್ಲ ಸಾರ್. ಹೊಸ ಯಜಮಾನ್ರು ನಿನ್ನೆ ಬಂದಿದ್ರು. ಕುರ್ಚಿ ಬೇಡ, ನಾಯಿ ಬೇಡ, ಇದೊಂದು ಬಂಗ್ಲೆ ಜೊತೆಗೇ ಇರಲಿ ಅಂದ್ರು. ಆಗ್ಲೇ ಎಣ್ಣೆನೂ ಹಾಕ್ಸಿದ್ರು."

"ಮೇಲಕ್ಕೆತ್ತೋ ಸ್ಕ್ರೂಗಾ?"

"ಅಲ್ಲ ಸಾರ್, ಪಕ್ಕಕ್ಕೆ ತಿರುಗೋದಕ್ಕೆ. ಅದು ಚೆನ್ನಾಗೇ ಇತ್ತು, ಆದ್ರೂ ಹಾಕ್ಸಿದ್ರು."

ಹೊಸ ಯಜಮಾನರು ಪರದೇಶದವರಲ್ಲ. ನಮ್ಮವರೇ. ನಮ್ಮ ಸ್ಕೂಲಿನಲ್ಲಿ ಬಾವುಟ ಹಾರಿಸಿ, ಗುಲಾಮಗಿರಿ ಮುಗಿಯಿತು ಎಂದು ಮಕ್ಕಳಿಗೆ ಭಾಷಣ ಮಾಡಿದವರು. ಅವರಿಗೆ ಕುಡಿಯಲು ನೀರು ತಂದುಕೊಟ್ಟವನು ನಾನು. ಬಿಳಿಯ ಹೋದರೆ ಅವನ ಕುರ್ಚಿ ನಮಗೆ ಬೇಡ, ಅವನ ಕಣ್ಣು ಮಾತ್ರ ಬೇಕು. ಇದನ್ನು ಯಾರ ಹತ್ತಿರ ಹೇಳಿಕೊಂಡು ಸಿಟ್ಟು ತೀರಿಸಿಕೊಳ್ಳಲಿ?

ಆದರೆ ಅವರನ್ನು ಬೈದು ಈ ಬರಹ ಮುಗಿಸುವ ಭಾಗ್ಯವೂ ನನಗಿಲ್ಲ. ಮಂಗಳವಾರ ಕ್ಲಾಸು ಮುಗಿದ ಮೇಲೆ ಪಾಪಾತಿ ಮೇಜಿನ ಹತ್ತಿರ ಬಂದಳು. ಅವಳಲ್ಲಿ ಕ್ಷಮೆ ಕೇಳಬೇಕೆಂದಿದ್ದೆ. ಅವಳೇ ಮೊದಲು ಬಾಯಿ ಬಿಟ್ಟಳು.

"ಸಾರ್, ಹೊಸ ದೊರೆ ಮಧ್ಯಾಹ್ನ ಮಲಗಲ್ವಾ?"

"ಯಾಕಮ್ಮಾ?"

"ಹಳೇ ದೊರೆ ಎರಡರಿಂದ ನಾಲ್ಕು ಮಲಗ್ತಿದ್ರು. ಆಗ ಅಮ್ಮ ಎಲ್ಲಾ ಸ್ವಲ್ಪ ಹೊತ್ತು ಕೂತ್ಕೊಳ್ತಿದ್ರು. ಶನಿವಾರ ಮೂರು ಗಂಟೆಗೇ ಕಣ್ಣು ಹೊಡೀತಂತೆ. ಹೊಸಬ್ರು ಬಂದ್ಬಿಟ್ರು, ಅವ್ರು ಮಲಗೋದಿಲ್ಲ ಅಂತ ಲೈನಿನಲ್ಲಿ ಎಲ್ರೂ ಮಾತಾಡ್ತಿದ್ದಾರೆ. ಈಗ ಯಾರೂ ಕೂರೋದೇ ಇಲ್ಲ."

ಶನಿವಾರ ಮೂರು ಗಂಟೆಗೆ ಆ ಗಾಜಿನ ಹಿಂದೆ ಇದ್ದವನು ಯಾರು ಎಂದು ನಾನು ಅವಳಿಗೆ ಹೇಳಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ, ಲೈನುಮನೆಗಳಿಗೆ ಈ ಪೇಪರು ಹೋಗುವುದಿಲ್ಲ ಎಂಬ ಧೈರ್ಯದ ಮೇಲೆ.

ಓದುವ ನೀವಾದರೂ ಹೇಳಿ: ಆ ಹೆಂಗಸರನ್ನು ಮತ್ತೆ ಕೂರಿಸುವುದು ಹೇಗೆ?