ಹೊಳೆದಂಡೆಗೆ ಹನ್ನೊಂದು ಮಂದಿ

ನಾನು ಬಸ್ ಕಂಡಕ್ಟರ್ ಆಗಿದ್ದವನು. ಹೆಚ್ಚಿನ ವರ್ಷ ರಾಯಚೂರಿನಿಂದ ಮಾನ್ವಿಗೆ, ರಾಯಚೂರಿನಿಂದ ದೇವದುರ್ಗಕ್ಕೆ ಓಡಾಡಿದ್ದೇನೆ. ಖಾಲಿ ಸೀಟು ಕಂಡರೆ ನನಗೆ ಈಗಲೂ ನೆಮ್ಮದಿ ಇರುವುದಿಲ್ಲ. ಕಲ್ಮಲದ ಹತ್ತಿರ ಕೈ ಮಾಡಿದವರನ್ನು ಮಾತ್ರವಲ್ಲ, ಬೇವಿನ ನೆರಳಿಗೆ ಸುಮ್ಮನೆ ನಿಂತವರನ್ನೂ ಕೂಗಿ ಹತ್ತಿಸಿಕೊಂಡಿದ್ದೇನೆ. ಕೆಲಸ ಮುಗಿದು ಮನೆಯಲ್ಲಿ ಕೂತ ಮೇಲೂ ಆ ಚಟ ಹೋಗಲಿಲ್ಲ. ಈ ಚಳಿಗಾಲದಲ್ಲಿ ಅದೇ ಚಟದಿಂದ ನನ್ನ ಹೆಂಡತಿಯ ಮನಸ್ಸು ಮುರಿದೆ. ತಪ್ಪು ನನ್ನದು. ಅದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ದೀಪಾವಳಿ ಮುಗಿದಿತ್ತು. ಅವಳು ಮೊಬೈಲಿನಲ್ಲಿ ಏನನ್ನೋ ನೋಡುತ್ತಿದ್ದವಳು ನನ್ನ ಮುಂದೆ ಹಿಡಿದಳು. ದೇವದುರ್ಗದ ಕಡೆ, ಕೃಷ್ಣಾ ದಂಡೆಯ ಮೇಲೆ, ಯಾರೋ ತಮ್ಮ ತೋಪಿನಲ್ಲಿ ನಾಲ್ಕೈದು ಟೆಂಟು ಹಾಕಿದ್ದರು. ದೊಡ್ಡ ಮರಗಳು, ಆಚೆ ನೀರು.

"ರೀ, ನಾವಿಬ್ರು ಒಂದು ರಾತ್ರಿ ಇಲ್ಲಿ ಇದ್ದು ಬರಾಕ ಆಗತದೇನು?"

ಅವಳು ಇಂಥದ್ದನ್ನು ಕೇಳುವವಳಲ್ಲ. ಸೀರೆ ಬೇಕೆಂದೂ ಕೇಳಿದವಳಲ್ಲ. "ಆಗದೇನು, ಹೋಗಿ ಬಂದ್ರಾತು" ಎಂದೆ. ಮರುದಿನವೇ ಜಾಗ ನೋಡಲು ಹೊರಟುಬಿಟ್ಟೆ. ಫೋನಿನಲ್ಲಿ ಕೇಳಿದ್ದರೂ ಆಗುತ್ತಿತ್ತು. ಆದರೆ ಒಂದು ಕೆಲಸ ಸಿಕ್ಕರೆ ನನಗೆ ಮನೆಯಲ್ಲಿ ನಿಲ್ಲಲಾಗುವುದಿಲ್ಲ.

ಹತ್ತಿರದಲ್ಲೇ ಬೇರೆ ಹೊಳೆದಂಡೆ ಸಿಕ್ಕೀತೇ ಎಂದು ಮೊದಲು ಮಾನ್ವಿಗೆ ಹೋಗಿ, ಅಲ್ಲಿಂದ ಚೀಕಲಪರ್ವಿಗೆ ಹೋದೆ. ತುಂಗಭದ್ರೆ ಚೆನ್ನಾಗಿತ್ತು, ಆದರೆ ರಾತ್ರಿ ಮಲಗಲು ಏರ್ಪಾಡಿರಲಿಲ್ಲ. ತಿರುಗಿ ಮಾನ್ವಿಗೆ ಬಂದು, ಸಿರವಾರದ ಮೇಲೆ ದೇವದುರ್ಗ ದಾಟಿ, ಆ ತೋಪನ್ನು ಹುಡುಕಿದೆ. ಹೊಳೆಮತ್ತಿ, ಹುಣಸೆ, ಹೊಂಗೆ, ಮಧ್ಯಾಹ್ನದಲ್ಲೂ ನೆಲ ತಣ್ಣಗಿತ್ತು. ತೋಟದವನು ಟೆಂಟಿನ ಒಳಗೆಲ್ಲ ತೋರಿಸಿ, "ನೀರಿಗಿ ಮಾತ್ರ ಇಳಿಬ್ಯಾಡ್ರಿ ಯಜಮಾನ್ರ, ಮೊಸಳಿ ಅದಾವ. ದಂಡಿ ಮ್ಯಾಲ ಎಷ್ಟೊತ್ತರ ಕುಂದರ್ರಿ, ಯಾರೂ ಏನೂ ಅನ್ನಂಗಿಲ್ಲ" ಎಂದ.

ಅವನು ಹೋದ ಮೇಲೆ ಅಲ್ಲಿಯೇ ಒಂದು ಕಲ್ಲಿನ ಮೇಲೆ ಕೂತೆ. ಸ್ವಲ್ಪ ಹೊತ್ತಿಗೇ ಎದ್ದೆ. ಮತ್ತೆ ಕೂತೆ. ಇಲ್ಲಿ ಸಂಜೆಯಿಂದ ಬೆಳಗಿನ ತನಕ ನಾವಿಬ್ಬರೇ. ಏನು ಮಾಡುವುದು? ಮನೆಯಲ್ಲಾದರೆ ಟೀವಿ ಇದೆ, ನಳದ ನೀರು ಬಂತೇ ಎಂದು ನೋಡುವುದಿದೆ, ಬಾಗಿಲಿಗೆ ಯಾರಾದರೂ ಬರುತ್ತಾರೆ. ಇಲ್ಲಿ ಅವಳ ಮುಖ ನಾನು, ನನ್ನ ಮುಖ ಅವಳು ನೋಡುತ್ತ ಕೂರಬೇಕು. ನನಗೆ ಮೊಸಳೆಗಿಂತ ಅದರ ಅಂಜಿಕೆಯೇ ಹೆಚ್ಚಾಯಿತು.

ಬರುವಾಗ ಸಿರವಾರದಲ್ಲಿ ಇಳಿದೆ. ನನ್ನ ಜೊತೆ ಬಹಳ ವರ್ಷ ಗಾಡಿ ಓಡಿಸಿದ ಡ್ರೈವರ್ ಈಗ ಅಲ್ಲಿಯೇ ಮನೆ ಮಾಡಿದ್ದಾನೆ. ಬಸ್ ಸ್ಟ್ಯಾಂಡಿನ ಎದುರು ಚಹಾ ಕುಡಿಯುತ್ತ ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತಲೇ ನನ್ನ ಬಾಯಿಂದ ಬಂತು, "ನೀನೂ ಬಾರಲೇ. ಮನಿಯವ್ರನ್ನೂ ಕರ್ಕೊಂಡು ಬಾ."

"ಬರ್ತೀನಿ ತಗೋ! ಗಾಡಿ ನಾ ಹೊಡಿತೀನಿ, ಸೀಟಿ ನೀ ಊದು" ಎಂದು ಅವನು ನಕ್ಕ.

ಆಮೇಲೆ ನನ್ನನ್ನು ತಡೆಯುವವರಿರಲಿಲ್ಲ. ಬಸ್ಸಿನಲ್ಲಿ ಕೂತೇ ಮಾನ್ವಿಯ ತಂಗಿಗೆ ಫೋನು ಮಾಡಿದೆ. ಅವಳು ಗಂಡ, ಅತ್ತೆ, ನೆಗೆಣ್ಣಿಯರನ್ನೂ ಸೇರಿಸಿದಳು. ರಾಯಚೂರು ಮುಟ್ಟುವಷ್ಟರಲ್ಲಿ ಹನ್ನೊಂದು ಮಂದಿಯಾಗಿ, ಒಂದು ಟೆಂಪೋ ಮಾತಾಡಿಯೂ ಆಗಿತ್ತು. ನನಗೆ ಜೀವ ಬಂದಂತಾಗಿತ್ತು.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಹೆಂಡತಿಗೆ ಎಲ್ಲ ಹೇಳಿದೆ. ಅವಳು ಸಜ್ಜಕದ ರವೆ ಹುರಿಯುತ್ತಿದ್ದಳು. ಒಲೆ ಸಣ್ಣ ಮಾಡಿದಳು.

"ರೊಟ್ಟಿ ಎಷ್ಟು ಬಡೀಬೇಕು?"

"ಕಟಿ ರೊಟ್ಟಿ ಆದ್ರ ಎರಡು ದಿನ ಮೊದಲ ಮಾಡಿ ಇಡಬಹುದು. ಶೇಂಗಾ ಹಿಂಡಿ, ಎಣ್ಣಿಗಾಯಿ, ಮೊಸರನ್ನ..."

"ನೀವ ಹೋಗಿ ಬರ್ರಿ" ಎಂದಳು. "ನಾ ಒಲ್ಲೆ."

ಸಿಟ್ಟಿನಿಂದ ಅಂದಿದ್ದರೆ ಒಂದು ದಾರಿ ಇರುತ್ತಿತ್ತು. ಅವಳು ಉಪ್ಪು ಎಷ್ಟು ಹಾಕಲಿ ಎಂದು ಕೇಳುವ ದನಿಯಲ್ಲೇ ಅಂದಳು. ನಾನು ಅಂಗಳಕ್ಕೆ ಹೋದೆ, ಒಳಗೆ ಬಂದೆ, ಮತ್ತೆ ಅಂಗಳಕ್ಕೆ ಹೋದೆ. ಮದುವೆಯಾದ ಹೊಸತರಲ್ಲೂ ಅವಳು ಒಮ್ಮೆ ಹೊಳೆ ನೋಡಬೇಕು ಅಂದಿದ್ದಳು. ಆಗ ಅವ್ವನನ್ನೂ ತಮ್ಮ-ತಂಗಿಯರನ್ನೂ ಓಣಿಯ ಇಬ್ಬರನ್ನೂ ಕಟ್ಟಿಕೊಂಡು ಹೋಗಿದ್ದೆ. ಅವಳು ಹೊಳೆಗೆ ಬೆನ್ನು ಮಾಡಿ, ಮೂರು ಕಲ್ಲಿನ ಒಲೆ ಊದುತ್ತ, ಬಡಿಸುತ್ತ, ತಿಕ್ಕುತ್ತ ದಿನ ಕಳೆದಿದ್ದಳು. ಅದು ನನಗೆ ಆವತ್ತು ಕಂಡಿರಲಿಲ್ಲ. ಈಗ ಅಂಗಳದಲ್ಲಿ ನಿಂತಾಗ ಕಂಡಿತು.

ಎಲ್ಲರಿಗೂ ಬರಬೇಡಿ ಅನ್ನಬೇಕಿತ್ತು. ಯಾಕೆ ಎಂದರೆ ಏನು ಹೇಳಲಿ? ಈ ವಯಸ್ಸಿನಲ್ಲಿ ಗಂಡ ಹೆಂಡತಿ ಇಬ್ಬರೇ ಟೆಂಟಿನಲ್ಲಿ ಮಲಗಲು ಹೋಗುತ್ತೇವೆ ಎಂದೇ? ಡ್ರೈವರನಿಗೆ ಫೋನು ಹಚ್ಚಿ, "ಮನ್ಯಾಗ ಆರಾಮಿಲ್ಲಪಾ, ಹೋಗೋದು ಬಂದ್ ಮಾಡೀವಿ" ಎಂದೆ. ಏನಾಗಿದೆ ಎಂದು ಕೇಳಿದ. "ಚಕ್ಕರ್ ಬಂದು ಬಿದ್ದಳು" ಎಂದೆ. ತಂಗಿಗೂ ಅದನ್ನೇ ಹೇಳಿದೆ. ಹೆಂಡತಿಗೆ, ಎಲ್ಲರಿಗೂ ಕೆಲಸ ಬಂದಿದೆಯಂತೆ ಎಂದೆ.

ಮರುದಿನ ಅವರೆಲ್ಲ ನೋಡಲು ಬರುತ್ತಾರೆ ಎಂದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಡ್ರೈವರ್ ಮೋಸಂಬಿ ಚೀಲ ಹಿಡಿದು, ತಂಗಿ ಗಂಜಿಯ ಡಬ್ಬಿ ಹಿಡಿದು ಒಟ್ಟಿಗೇ ಒಳಗೆ ಬಂದರು. ನನ್ನ ಹೆಂಡತಿ ಸೆರಗು ಸಿಕ್ಕಿಸಿ, ಸ್ಟೂಲಿನ ಮೇಲೆ ನಿಂತು ಫ್ಯಾನು ಒರೆಸುತ್ತಿದ್ದಳು.

"ಯಾ ಅಲ್ಲಾ! ಭಾಬಿ, ಇಳೀರಿ ಮೊದಲ! ಚಕ್ಕರ್ ಬಂದವ್ರು ಹಿಂಗ ಮ್ಯಾಲ ಹತ್ತತಾರೇನ್ರಿ?" ಎಂದು ಡ್ರೈವರ್ ಕೂಗಿದ.

"ಯಾರಿಗಿ ಚಕ್ಕರ್?"

"ನಿನಗ ವೈನಿ! ಅಣ್ಣ ಫೋನ್ ಮಾಡಿದ್ನಲ್ಲ" ಎಂದಳು ತಂಗಿ.

ಹೆಂಡತಿ ಮೇಲಿನಿಂದ ನನ್ನನ್ನು ನೋಡಿದಳು. ನಾನು ಕಣ್ಣಲ್ಲೇ ಬೇಡಿಕೊಂಡೆ. ಅವಳು ನಿಧಾನ ಇಳಿದಳು, ಹಣೆಗೆ ಕೈ ಹಚ್ಚಿದಳು. "ಹೌದ್ರಿ ಅಣ್ಣಾರ, ನಿನ್ನಿ ಒಂದೀಟು..." ಎಂದು ಶುರು ಮಾಡಿದಳು.

ಅದು ನನಗೆ ಚುಚ್ಚಿತು. ನಾನು ಅವಳ ಆಸೆ ಕೆಡಿಸಿದ್ದೆ. ಅವಳು ನನ್ನ ಮಾನ ಉಳಿಸಲು ರೋಗಿಯಾಗುತ್ತಿದ್ದಳು. ಎಷ್ಟು ವರ್ಷಗಳಿಂದ ಹೀಗೆ ಮಾಡುತ್ತ ಬಂದಿದ್ದಾಳೋ.

"ಸುಳ್ಳು" ಎಂದೆ. "ಅಕಿಗಿ ಏನೂ ಆಗಿಲ್ಲ. ಹೊಳಿಗಿ ಹೋಗಮು ಅಂತ ನನ್ನೊಬ್ಬನ್ನ ಕರೆದಿದ್ಲು. ನಾ ನಿಮ್ಮನ್ನೆಲ್ಲಾ ಕರೆದೆ. ಈಗ ಬರಬ್ಯಾಡ್ರಿ ಅನ್ನಾಕ ನಾಚಿಕಿ ಆಗಿ ಅಕಿನ್ನ ಕೆಡವಿದೆ."

ಡ್ರೈವರ್ ಸ್ಟೂಲಿನ ಮೇಲೆ ಕೂತುಬಿಟ್ಟ. "ಅಲ್ಲಲೇ, ನನ್ನ ಹೆಂಡತಿ ಭಾಬಿ ಸಲುವಾಗಿ ನಮಾಜಿನ್ಯಾಗ ದುವಾ ಮಾಡ್ಯಾಳ. ಈಗ ಅದನ್ನ ವಾಪಸ್ ಹೆಂಗ ತಗೋಬೇಕು?"

"ಈ ವಯಸ್ಸಿನ್ಯಾಗ ನಮ್ಮಣ್ಣಂದು ನೋಡ್ರಿ!" ಎಂದು ತಂಗಿ ಬಾಯಿಗೆ ಸೆರಗು ಹಿಡಿದಳು.

ಹೆಂಡತಿ ಚಹಾಕ್ಕೆಂದು ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ.

ಅವರು ಹೋದ ಮೇಲೆ ನನ್ನೆದುರು ಬಂದು ನಿಂತಳು. "ಹನ್ನೊಂದು ಮಂದಿ ಯಾಕ ಬೇಕಾಗಿತ್ತು ನಿಮಗ?"

ಚಟ ಎಂದೆ. ಅವಳು ಕದಲಲಿಲ್ಲ. ಕೊನೆಗೆ ಅಂಜಿಕೆಯನ್ನೂ ಹೇಳಬೇಕಾಯಿತು. "ಅಷ್ಟೊತ್ತು ನಿನ್ನ ಮುಂದ ಕುಂತು ನಾ ಏನ್ ಮಾತಾಡ್ಲಿ?"

"ಮಾತಾಡ್ರಿ ಅಂದವ್ರು ಯಾರು? ನಲವತ್ತು ವರ್ಷ ಮಾತಾಡೀರಲ್ಲ, ಸಾಕು. ಸುಮ್ಮ ಕುಂದರ್ರಿ."

ಅವಳೇ ತೋಟದವನಿಗೆ ಫೋನು ಮಾಡಿದಳು. ಇಬ್ಬರೇ ಎಂದಳು. ಊಟ ನಿಮ್ಮ ಕಡೆಯದೇ, ನಾವು ಬುತ್ತಿ ತರುವುದಿಲ್ಲ ಎಂದಳು. ನೀರು ಕಾಣುವ ಟೆಂಟೇ ಬೇಕು ಎಂದು ಎರಡು ಸಲ ಹೇಳಿದಳು.

ಹೋಗುವುದು ನಾಡಿದ್ದು. ಆಗಿನಿಂದ ನಾನು ಸುಮ್ಮನೆ ಕೂರುವುದನ್ನು ಕಲಿಯುತ್ತಿದ್ದೇನೆ. ಇದನ್ನು ಬರೆದು ಮುಗಿಸುವುದರೊಳಗೆ ನಾಲ್ಕೈದು ಸಲ ಎದ್ದೆ. ಒಂದು ಸಲ ಅಲ್ಲಿ ಹೊದೆಯಲೆಂದು ಚಾದರ ಮಡಚಿಟ್ಟೆ. ಅವಳು ಬಿಚ್ಚಿ ನೋಡಿ, ತೆಳ್ಳಗಾಯಿತೆಂದು ದಪ್ಪನೆಯದನ್ನು ಹೊರಗೆ ತೆಗೆದಿಟ್ಟಳು. ಅಲ್ಲಿ ಚಳಿ ಇರುತ್ತದಂತೆ.