ಕೆಳಗಿನಿಂದ ಬಂದ ನೀರು

ನಮ್ಮ ಸಿರುಗುಪ್ಪದ ಕಡೆ ಎಲ್ಲರೂ ಬೈಯುವುದು ಹಗರಿ ಹೊಳೆಯನ್ನೇ. ವರ್ಷವೆಲ್ಲ ಬರೀ ಮರಳು, ಮೇಲೆ ಮಳೆಯಾದರೆ ಒಮ್ಮೆಲೇ ನೀರು. ನಮ್ಮ ಹೊಲದ ಕೆಳಗೇ ಅದು ಸೇರುವ ತುಂಗಭದ್ರೆಗೆ ಮಾತ್ರ ಕೈ ಮುಗಿಯುತ್ತೇವೆ.

ಆ ದಿನ ಹಗರಿ ಹರಿದು ಬರುವ ದಕ್ಷಿಣ ದಿಕ್ಕಿಗೆ ಮೋಡ ಕಟ್ಟಿತ್ತು. ಹಗರಿಯ ಮರಳಲ್ಲಿ ಇಳಿಸಿದ್ದ ಪಂಪು ಕೊಚ್ಚಿಹೋದೀತೆಂದು ನಾನೂ ಗಂಡನೂ ಪೈಪು ಬಿಚ್ಚುತ್ತಿದ್ದೆವು. ತುಂಗಭದ್ರಾ ಡ್ಯಾಮಿನ ಗೇಟು ತೆಗೆದ ಸುದ್ದಿಯೂ ಬಂದಿತ್ತು.

"ಅದು ಆ ಹೊಳಿ ಮಾತು, ನಮಗೇನು? ಹಗರಿ ಬಂದ್ರ ಮ್ಯಾಲಿಂದ ಬರ್ತೈತಿ," ಎಂದು ಅತ್ತೆ ಮೇಲ್ಗಡೆಯ ದಿಬ್ಬ ಹತ್ತಿ, ದಕ್ಷಿಣಕ್ಕೆ ಮುಖ ಮಾಡಿ ಕಾವಲು ನಿಂತರು.

ತುಕ್ಕು ಹಿಡಿದ ಬೋಲ್ಟು ಜಪ್ಪಯ್ಯ ಎಂದರೂ ಬಿಚ್ಚಲಿಲ್ಲ. ಗಂಡನ ಮೇಲೆ ಸಿಡುಕಿದೆ. ಹಿಮ್ಮಡಿ ತಣ್ಣಗಾಯಿತು. ಮರಳು ಬಗೆದಲ್ಲಿ ಒರತೆ ಬರುವುದುಂಟು, ಸುಮ್ಮನಾದೆ. ಅಷ್ಟರಲ್ಲಿ ಹಿಂದೆ, ತುಂಗಭದ್ರೆಯ ಕಡೆ ಬಿಟ್ಟಿದ್ದ ನನ್ನ ಚಪ್ಪಲಿ ಪಕ್ಕಕ್ಕೇ ತೇಲಿ ಬಂತು. ತುಂಬಿದ ದೊಡ್ಡ ಹೊಳೆ ಹಗರಿಯೊಳಕ್ಕೆ ಹಿಮ್ಮುಖವಾಗಿ ನುಗ್ಗುತ್ತಿತ್ತು. ಸಪ್ಪಳವೇ ಇರಲಿಲ್ಲ.

ದಿಬ್ಬದ ಮೇಲಿಂದ ಅತ್ತೆ, ಈ ಕಡೆ ತಿರುಗದೆಯೇ, ಕೂಗಿದರು: "ಅವಸರ ಮಾಡಬ್ಯಾಡ್ರಿ, ನೀರಿನ ಸುಳಿವೇ ಇಲ್ಲ!"

ಚಪ್ಪಲಿ ನನ್ನನ್ನು ದಾಟಿ ಅವರ ಬೆನ್ನಿನ ಕಡೆಗೆ ಹೊರಟಿತ್ತು.